ಮುಥೈಗಾದಲ್ಲಿ ಒಂದು ಗ್ವಾದಲಿ



ಗದಗ-ಬೆಟಗೇರಿ ಕಡೆಯವರು ಯಾರಾದರೂ ಈ ಮಾತು ಕೇಳುತ್ತಿದ್ದರೆ ಅವರಿಗೆ ಗ್ವಾದಲಿ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ನಮ್ಮ ಸೀಮೆಯ ಹಳೆಯ ಒಕ್ಕಲುಮನೆಗಳಲ್ಲಿ ತಲೆಬಾಗಿಲು ದಾಟಿದೊಡನೆ ಸಿಗುವುದು ದನ ಕಟ್ಟುವ ಜಾಗ. ಅಲ್ಲಿಂದ ಒಂದೆರಡು ಮೆಟ್ಟಿಲು ಹತ್ತಿದರೆ ಮನೆಮಂದಿ ಕೂರುವ, ಉಣ್ಣುವ, ಮಲಗುವ ಕಟ್ಟೆ. ಎತ್ತು ಎಮ್ಮೆಗಳು ಮೇವು ತಿನ್ನಲೆಂದು ಅಲ್ಲೇ ಅಂಚಿಗೆ ಕಟ್ಟಿದ ತೊಟ್ಟಿಯೇ ಗ್ವಾದಲಿ. ಪುಸ್ತಕದ ಕನ್ನಡದಲ್ಲಿ ಗೋದಲಿ. ಬೇತ್ಲೆಹೇಮಿನಲ್ಲಿ ಹುಟ್ಟಿದ ಕೂಸನ್ನು ತಾಯಿ ಬಟ್ಟೆಯಲ್ಲಿ ಸುತ್ತಿ ಮಲಗಿಸಿದ್ದು ಎಲ್ಲಿ ಎನ್ನುವುದಕ್ಕೆ ನಮ್ಮ ಸತ್ಯವೇದದಲ್ಲಿರುವ ಪದ ಇದೇ.

ಚಿಕ್ಕಂದಿನಲ್ಲಿ ನನಗೆ ಆ ಕಥೆಯಲ್ಲಿ ವಿಚಿತ್ರವೆನ್ನುವಂಥದ್ದು ಏನೂ ಕಂಡಿರಲಿಲ್ಲ. ಅಜ್ಜನ ಮನೆಯಲ್ಲಿ ಕೂಸುಗಳು ಮಲಗುತ್ತಿದ್ದುದು ಗ್ವಾದಲಿಯಿಂದ ಮಾರು ದೂರದಲ್ಲಿ. ರಾತ್ರಿ ಎಚ್ಚರವಾದರೆ ಎತ್ತಿನ ಕೊರಳ ಗೆಜ್ಜೆ ಕೇಳುತ್ತಿತ್ತು. ಯೇಸುಸ್ವಾಮಿ ನಮ್ಮಂಥದೇ ಒಂದು ಮನೆಯಲ್ಲಿ ಹುಟ್ಟಿದ, ಬೀಗರು ನೆಂಟರು ತುಂಬಿಕೊಂಡಿದ್ದರಿಂದ ಕೆಳಗೆ ಹಾಸಿಕೊಟ್ಟರು ಎಂದೇ ತಿಳಿದಿದ್ದೆ. ಆ ತಿಳಿವಳಿಕೆ ಅಷ್ಟೇನೂ ತಪ್ಪಲ್ಲವೆಂದು ಗೊತ್ತಾದದ್ದು ದೊಡ್ಡವಳಾದ ಮೇಲೆ. ನಾವು ಛತ್ರ ಎಂದು ಓದುವ ಕಡೆ ಲೂಕನು ಬರೆದ ಗ್ರೀಕ್ ಪದ ಕತಾಲುಮಾ. ಯೇಸು ಶಿಷ್ಯರೊಡನೆ ಕಡೆಯ ಊಟ ಮಾಡಿದ ಕೋಣೆಗೂ ಅವನು ಅದೇ ಪದವನ್ನು ಬಳಸುತ್ತಾನೆ. ಹಣ ಕೊಟ್ಟು ಇಳಿದುಕೊಳ್ಳುವ ನಿಜವಾದ ಛತ್ರ ಬರುವುದು ಒಳ್ಳೆಯ ಸಮಾರ್ಯದವನ ಕಥೆಯಲ್ಲಿ. ಅಲ್ಲಿ ಲೂಕನ ಪದವೇ ಬೇರೆ. ಹೀಗಾಗಿ, ಅತಿಥಿಗಳ ಕೋಣೆ ತುಂಬಿತ್ತು, ದನದ ಕಡೆ ಜಾಗವಾಯಿತು ಎಂದು ಅರ್ಥ ಮಾಡುವ ಪಂಡಿತರಿದ್ದಾರೆ. ಪ್ಯಾಲೆಸ್ತೀನಿನ ಹಳೆಯ ಹಳ್ಳಿಮನೆಗಳೂ ಹೀಗೆಯೇ ಇದ್ದವಂತೆ: ಒಂದೇ ಸೂರು, ತಗ್ಗಿನಲ್ಲಿ ದನ, ಎತ್ತರದಲ್ಲಿ ಜನ.

ಈ ಗ್ವಾದಲಿಯನ್ನು ನಾನು ಮರೆತದ್ದು ಮುಥೈಗಾದಲ್ಲಿ. ಅದು ನೆನಪಿಗೆ ಬಂದದ್ದೂ ಅಲ್ಲಿಯೇ.

ಮುಥೈಗಾ ಕೆನ್ಯಾದ ರಾಜಧಾನಿ ನೈರೋಬಿಯ ಉತ್ತರಕ್ಕಿರುವ ಬಡಾವಣೆ. ಯಜಮಾನರ ಕೆಲಸದ ನಿಮಿತ್ತ ನಾವು ಅಲ್ಲಿಗೆ ಹೋದವರು. ರಾಯಭಾರಿಗಳು, ದೊಡ್ಡ ವ್ಯಾಪಾರಸ್ಥರು ಇರುವ ಕಡೆ. ಎತ್ತರದ ಗೋಡೆ, ಗೋಡೆಯ ಮೇಲೆ ವಿದ್ಯುತ್ ತಂತಿ, ಕಬ್ಬಿಣದ ಗೇಟು, ಗೇಟಿಗೊಬ್ಬ ಕಾವಲುಗಾರ. ಬ್ರಿಟಿಷ್ ವಸಾಹತುಗಾರರು ಕಟ್ಟಿಕೊಂಡ ಮುಥೈಗಾ ಕ್ಲಬ್ಬಿನ ಬಾಗಿಲು ತೆರೆದದ್ದು 1913ರ ಡಿಸೆಂಬರ್ 31ರಂದು. ಬಡಾವಣೆಯ ಹೆಸರು ಹೊರಗಿನ ಲೋಕಕ್ಕೆ ತಿಳಿದದ್ದು ಅದರಿಂದಲೇ. ಒಂದು ಮಗ್ಗುಲಿಗೆ ಕರೂರಾ ಕಾಡು. 1999ರಲ್ಲಿ ಪರಿಸರ ಹೋರಾಟಗಾರ್ತಿ ವಂಗಾರಿ ಮಾಥಾಯಿ ಅಲ್ಲಿ ಸಸಿ ನೆಡಲು ಹೋಗಿ ತಲೆಗೆ ಏಟು ತಿಂದರು. ಬಿಲ್ಡರುಗಳ ಪಾಲಾಗಬೇಕಿದ್ದ ಸುಮಾರು 1,000 ಹೆಕ್ಟೇರ್ ಕಾಡು ಆ ಹೋರಾಟದಿಂದ ಉಳಿಯಿತು. ಇನ್ನೊಂದು ಮಗ್ಗುಲಿಗೆ ಥಿಕಾ ಹೆದ್ದಾರಿ. ಆ ಹೆದ್ದಾರಿಯ ಆಚೆ ಮಥಾರೆ. ತಗಡಿಗೆ ತಗಡು ಹೊಂದಿಸಿ ಕಟ್ಟಿದ ಸಾವಿರಾರು ಒಂದು ಕೋಣೆಯ ಮನೆಗಳು ಅಲ್ಲಿನ ಕಣಿವೆಯಲ್ಲಿವೆ. ಮುಥೈಗಾಕ್ಕೂ ಮಥಾರೆಗೂ ನಡುವೆ ಇರುವುದು ಆ ರಸ್ತೆಯೊಂದೇ.

ಅಲ್ಲಿಯ ನಮ್ಮ ಎರಡನೆಯ ಕ್ರಿಸ್‌ಮಸ್ಸನ್ನು ನಾನು ಮರೆಯುವಂತಿಲ್ಲ. ಮೊದಲ ವರ್ಷ ಬರಿಯ ಪರದೇಶದ ಬೇಸರ. ಎರಡನೆಯ ವರ್ಷ, ಎಲ್ಲರಂತೆ ನಾವೂ ಮಾಡಬೇಕೆಂದು ಹಟ ಹಿಡಿದೆ. 40 ಜನಕ್ಕೆ ಊಟಕ್ಕೆ ಹೇಳಿದೆವು. ಮಾಲಿನಿಂದ ಪ್ಲಾಸ್ಟಿಕ್ ಮರ ತಂದು ಅದಕ್ಕೆ ಹತ್ತಿಯ ಹಿಮ ಅಂಟಿಸಿದೆವು. ನೈರೋಬಿ ಇರುವುದು ಸಮಭಾಜಕ ವೃತ್ತದಿಂದ ಒಂದೂಕಾಲು ಡಿಗ್ರಿ ದಕ್ಷಿಣಕ್ಕೆ. ಡಿಸೆಂಬರಿನಲ್ಲಿ ಸಣ್ಣ ಮಳೆಗಾಲ ಮುಗಿದು ಬಿಸಿಲು ಹೊಳೆಯುವ ಕಾಲ. ಬೇತ್ಲೆಹೇಮಿನ ಕಥೆಯಲ್ಲಂತೂ ಲೂಕನಾಗಲಿ ಮತ್ತಾಯನಾಗಲಿ ಹಿಮದ ಮಾತೆತ್ತಿಲ್ಲ. ಆದರೂ ಅಂಟಿಸಿದೆವು. ಮಕ್ಕಳಿಗೆ ಉಡುಗೊರೆಗಳ ಪಟ್ಟಿ, ಆ ಪಟ್ಟಿಗೆ ಸೇರಿದ ಇನ್ನೊಂದು ಪಟ್ಟಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ನಮ್ಮ ಗಾದೆ ಇಲ್ಲಿ ಕೆಲಸಕ್ಕೆ ಬರುವಂತಿರಲಿಲ್ಲ. ನಮಗೆ ಆಗ ಹಾಸಿಗೆ ಉದ್ದವೇ ಇತ್ತು.

ಮನೆಗೆಲಸಕ್ಕೆ ಇದ್ದ ತಾಯಿ ಪಶ್ಚಿಮ ಕೆನ್ಯಾದವರು. ಅವರ ಮಕ್ಕಳಿಬ್ಬರೂ ಅಜ್ಜಿಯ ಬಳಿ ಊರಿನಲ್ಲಿದ್ದರು. 23ಕ್ಕೆ ಹೋಗುತ್ತೇನೆ ಎಂದು ಆಕೆ ನವೆಂಬರಿನಲ್ಲೇ ಕೇಳಿದ್ದರು. ನಾನು ಒಪ್ಪಿದ್ದೆ. ಆಮೇಲೆ ಊಟದ ಏರ್ಪಾಡು 24ರ ರಾತ್ರಿಗೆ ನಿಗದಿಯಾಯಿತು. ‘ಪಾತ್ರೆ ಆದ ಮೇಲೆ ಹೋಗಿ, ಬಸ್ಸು ಹೇಗೂ ಇರುತ್ತದೆ’ ಎಂದೆ. ಆಕೆ ಮರುಮಾತಾಡಲಿಲ್ಲ. ಅನ್ನ ಕೊಡುವ ಮನೆಯಲ್ಲಿ ಮರುಮಾತಾಡುವುದು ಯಾರಿಗೆ ಸುಲಭ?

ಪಾತ್ರೆ ಮುಗಿದಾಗ ನಡುರಾತ್ರಿ ದಾಟಿತ್ತು. ನೈರೋಬಿಯ ಕ್ರಿಸ್‌ಮಸ್ ಬಲ್ಲವರಿಗೆ ಗೊತ್ತು, ಆ ಹೊತ್ತಿಗೆ ಊರಿಗೆ ಊರೇ ಹೊರಟುಹೋಗಿರುತ್ತದೆ. ಹುಟ್ಟೂರಿಗೆ ಅಲ್ಲಿಯವರು ಉಶಾಗೋ ಎನ್ನುತ್ತಾರೆ. ಡಿಸೆಂಬರ್ ಮೂರನೆಯ ವಾರದಿಂದ ಮಟಾಟು ಎಂಬ ಬಾಡಿಗೆ ವ್ಯಾನುಗಳ, ಬಸ್ಸುಗಳ ದರ ಏರುತ್ತದೆ. ಹಾಸಿಗೆ, ಪಾತ್ರೆ, ಸಕ್ಕರೆ ಮೂಟೆ, ಮಕ್ಕಳ ಹೊಸ ಬಟ್ಟೆ ಹೇರಿಕೊಂಡು ಜನ ಕಿಸುಮು, ಕಾಕಮೇಗಾ, ನ್ಯೇರಿ, ಮಚಾಕೋಸ್ ಕಡೆ ಹೋಗುತ್ತಾರೆ. ಆ ತಾಯಿಗೆ 25ರ ಮಧ್ಯಾಹ್ನದವರೆಗೂ ಸೀಟು ಸಿಗಲಿಲ್ಲ. ಸಿಕ್ಕಾಗ ಎರಡು ಪಟ್ಟು ದುಡ್ಡು. ಮನೆ ಮುಟ್ಟಿದ್ದು ರಾತ್ರಿ, ಮಕ್ಕಳು ಮಲಗಿದ ಮೇಲೆ. ಇದನ್ನು ಆಕೆ ನನಗೆ ದೂರಾಗಿ ಹೇಳಲಿಲ್ಲ. ಜನವರಿಯಲ್ಲಿ ಚಹಾ ಸೋಸುತ್ತಾ, ಬೇರೆ ಏನೋ ಮಾತಿನ ನಡುವೆ ಹೇಳಿದರು.

ನಾವೂ ಆ 25ರ ಬೆಳಿಗ್ಗೆ ಆರಾಧನೆಗೆ ಹೋಗಲಿಲ್ಲ. ಸುಸ್ತಾಗಿ ಒಂಬತ್ತರವರೆಗೆ ಮಲಗಿದ್ದೆವು. ಬೆಟಗೇರಿಯಲ್ಲಿ ನಾನು ಹುಟ್ಟಿದಾಗಿನಿಂದ ತಪ್ಪದ ಆರಾಧನೆ ಅದು. ಮಾರನೆಯ ದಿನ ಮಗ ಬಂದು ಕೇಳಿದ, ‘ಅಮ್ಮಾ, ಗ್ವಾದಲಿ ಎಲ್ಲಿ?’ ಅವ್ವ ಬೆಟಗೇರಿಯಿಂದ ಕಟ್ಟಿಕೊಟ್ಟಿದ್ದ ಮಣ್ಣಿನ ಪುಟ್ಟ ಗ್ವಾದಲಿ, ಮರಿಯಮ್ಮ, ಯೋಸೇಫ, ಎರಡು ಕುರಿ. ಊಟದ ಮೇಜಿನ ಮೇಲೆ ಇಟ್ಟಿದ್ದೆ. 24ರ ಸಂಜೆ ಕೇಕಿಗೆ ಜಾಗ ಸಾಲದೆ ನಾನೇ ಅದನ್ನು ಎತ್ತಿ ಅಡುಗೆಮನೆಯ ಕಪಾಟಿನ ಮೇಲೆ, ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟಿದ್ದೆ. ಮರೆತೇ ಹೋಗಿತ್ತು. ಮಗನ ಕೈಗೆ ಕೊಟ್ಟು ಕೋಣೆಗೆ ಹೋಗಿ ಕೂತೆ. ಬಹಳ ಹೊತ್ತು ಹೊರಗೆ ಬರಲಿಲ್ಲ.

ಮುಂದಿನ ವರ್ಷದಿಂದ ನಮ್ಮ ಮನೆಯ ಹಬ್ಬ ಬದಲಾಯಿತು.

ಮೊದಲು ಬದಲಾದದ್ದು ರಜೆ. ಮನೆಯಲ್ಲಿ ಕೆಲಸ ಮಾಡುವವರು 23ರೊಳಗೆ ಊರಿಗೆ ಹೊರಡಬೇಕು, ಟಿಕೆಟ್ಟನ್ನು ದರ ಏರುವ ಮುಂಚೆ ನಾವೇ ತೆಗೆಸಿಕೊಡಬೇಕು ಎಂದು ನಾನೂ ಯಜಮಾನರೂ ಕೂತು ಬರೆದುಕೊಂಡೆವು. ಇದನ್ನು ದಾನವೆಂದು ಹೇಳಬೇಡಿ. ಲೂಕನ ಎರಡನೆಯ ಅಧ್ಯಾಯ ಶುರುವಾಗುವುದೇ ಜನ ತಮ್ಮ ತಮ್ಮ ಊರಿಗೆ ಹೊರಟ ಸುದ್ದಿಯಿಂದ. ಔಗುಸ್ತನ ಜನಗಣತಿಗೆಂದು ಯೋಸೇಫನು ತುಂಬಿದ ಬಸುರಿಯನ್ನು ಕರೆದುಕೊಂಡು ವಂಶದ ಊರಾದ ಬೇತ್ಲೆಹೇಮಿಗೆ ನಡೆಯುತ್ತಾನೆ. ಕೆನ್ಯಾದ 2019ರ ಜನಗಣತಿಯ ಪ್ರಕಾರ ಅಲ್ಲಿಯ ಜನರಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಮಂದಿ ಕ್ರೈಸ್ತರು. ಅವರು ಮೂಟೆ ಹೊತ್ತು ಉಶಾಗೋಗೆ ಹೊರಡುವುದನ್ನು ಬಸ್ ನಿಲ್ದಾಣದಲ್ಲಿ ನಿಂತು ನೋಡಿದರೆ, ಆ ಕಥೆ ಕಣ್ಣೆದುರು ನಡೆದಂತಿರುತ್ತದೆ. ಆ ದಾರಿಗೆ ಅಡ್ಡ ನಿಂತು ನಾನು ಮಾಡಿದ್ದು ಕ್ರಿಸ್ತನ ಹಬ್ಬ ಹೇಗಾದೀತು?

ಕಡಿಮೆಯಾದ ಖರ್ಚಿನ ಕಥೆಯನ್ನೂ ಹೇಳಿಬಿಡುತ್ತೇನೆ. ಕೆನ್ಯಾದಲ್ಲಿ ಶಾಲೆಯ ವರ್ಷ ಶುರುವಾಗುವುದು ಜನವರಿಯಲ್ಲಿ. ಡಿಸೆಂಬರಿನಲ್ಲಿ ಊರಿಗೆ ಹೋಗಿ ಕೈ ಖಾಲಿ ಮಾಡಿಕೊಂಡ ಬಡವರು ಜನವರಿಯಲ್ಲಿ ಶಾಲೆಯ ಶುಲ್ಕ, ಸಮವಸ್ತ್ರ, ಪುಸ್ತಕ ಎಂದು ಬೆವರುತ್ತಾರೆ. ನಮ್ಮ ಹಬ್ಬದಲ್ಲಿ ಉಳಿದ ಹಣ ಆ ಜನವರಿಗೆ ಮೀಸಲು. ನಮ್ಮ ಮಕ್ಕಳಿಗೆ ತಲೆಗೊಂದೇ ಉಡುಗೊರೆ. ಶಾಲೆಯ ಗೆಳೆಯರಿಗೆ ಹತ್ತು ಸಿಕ್ಕವು ಎಂದು ಮೊದಲ ವರ್ಷ ಮಗಳು ಅತ್ತಳು. ಅವಳನ್ನು ಹತ್ತಿರ ಕೂರಿಸಿಕೊಂಡು, ನಾನು ಹಿಂದಿನ ವರ್ಷ ಮಾಡಿದ ತಪ್ಪನ್ನು ಏನೂ ಮುಚ್ಚಿಡದೆ ಹೇಳಿದೆ. ತಾಯಿ ತಪ್ಪು ಮಾಡಿದ್ದನ್ನು ಕೇಳಿ ಮಕ್ಕಳಿಗೆ ತಿಳಿಯುವಷ್ಟು ಉಪದೇಶದಿಂದ ತಿಳಿಯುವುದಿಲ್ಲ ಎಂದು ಅವತ್ತು ಕಂಡುಕೊಂಡೆ.

ಸರಳ ಹಬ್ಬವೆಂದರೆ ಸಪ್ಪೆ ಹಬ್ಬ ಎಂದು ತಿಳಿಯುವವರಿದ್ದಾರೆ. ಅವರಿಗೆ ನಮ್ಮ ಮನೆಯ ನಾಲ್ಕು ಮೇಣದ ಬತ್ತಿಗಳ ಬಗ್ಗೆ ಹೇಳಬೇಕು. ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳು ಆಗಮನ ಕಾಲ. 1839ರಲ್ಲಿ ಹಾಂಬುರ್ಗಿನಲ್ಲಿ ಬಡಮಕ್ಕಳ ಮನೆ ನಡೆಸುತ್ತಿದ್ದ ಯೋಹಾನ್ ಹಿನ್ರಿಶ್ ವಿಖರ್ನ್ ಎಂಬ ಪಾದ್ರಿ, ಹಬ್ಬಕ್ಕೆ ಇನ್ನೆಷ್ಟು ದಿನ ಎಂದು ಮಕ್ಕಳು ಕಾಡುವುದನ್ನು ನೋಡಿ, ಒಂದು ಗಾಡಿಯ ಗಾಲಿಗೆ ಬತ್ತಿಗಳನ್ನು ಸಿಕ್ಕಿಸಿದ. ಭಾನುವಾರಕ್ಕೊಂದು ದೊಡ್ಡ ಬತ್ತಿ, ವಾರದ ದಿನಕ್ಕೊಂದು ಚಿಕ್ಕದು. ಲೋಕದ ತುಂಬ ಈಗ ಕಾಣುವ ಆಗಮನದ ಹಸಿರು ಬಳೆ ಅಲ್ಲಿಂದ ಬಂದದ್ದು. ಗತಿಯಿಲ್ಲದ ಮಕ್ಕಳಿಗಾಗಿ, ಹಳೆಯ ಗಾಲಿಯಿಂದ ಆದದ್ದು. ನಾವು ಬೇಲಿಯ ಸೈಪ್ರಸ್ ಕೊಂಬೆ ಬಾಗಿಸಿ ಬಳೆ ಮಾಡುತ್ತೇವೆ. ಕೆನ್ಯಾದಲ್ಲಿ ಕ್ರಿಸ್‌ಮಸ್ ಮರವೆಂದು ಮನೆ ಮನೆಯಲ್ಲಿ ನಿಲ್ಲಿಸುವುದೂ ಸೈಪ್ರಸ್ಸನ್ನೇ. ಭಾನುವಾರ ಸಂಜೆ ದೀಪ ಆರಿಸಿ ಒಂದು ಬತ್ತಿ ಹಚ್ಚಿದರೆ ಮನೆಯೆಲ್ಲ ಆ ಸೊಪ್ಪಿನ ವಾಸನೆ. ಎರಡನೆಯ ವಾರ ಎರಡು ಬತ್ತಿ, ಮೂರನೆಯ ವಾರ ಮೂರು. ಕಾಯುವುದು ಎಂದರೇನು ಎಂದು ಮಕ್ಕಳಿಗೆ ಕಲಿಸುವ ವಸ್ತು ಯಾವ ಮಾಲಿನಲ್ಲೂ ನನಗೆ ಸಿಕ್ಕಿರಲಿಲ್ಲ.

ಇನ್ನು ತಿಂಡಿ. ಬೆಟಗೇರಿಯಲ್ಲಿ ಅವ್ವ ಕರ್ಚಿಕಾಯಿ, ಚಕ್ಕಲಿ, ಶೇಂಗಾ ಉಂಡಿ ಮಾಡಿ, ತಾಟಿಗೆ ಬಿಳಿ ಬಟ್ಟೆ ಮುಚ್ಚಿ, ಓಣಿಯ ನೇಕಾರರ ಮನೆಗಳಿಗೆ, ಮುಸಲ್ಮಾನರ ಮನೆಗಳಿಗೆ ನಮ್ಮ ಕೈಯಲ್ಲಿ ಕಳಿಸುತ್ತಿದ್ದಳು. ದೀಪಾವಳಿಗೆ, ರಂಜಾನ್‌ಗೆ ಅದೇ ತಾಟುಗಳು ತುಂಬಿ ಬರುತ್ತಿದ್ದವು. ನೈರೋಬಿಯಲ್ಲಿ ನಾನು ಕಂಡು ಬೆರಗಾದದ್ದು ಚಪಾತಿ. ಅಲ್ಲಿಯ ಮನೆಗಳಲ್ಲಿ ಚಪಾತಿ ಇಲ್ಲದೆ ಕ್ರಿಸ್‌ಮಸ್ ಇಲ್ಲ! ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗೆ 1896ರಿಂದ 1901ರ ತನಕ ರೈಲು ಹಳಿ ಹಾಕಲು ಭಾರತದಿಂದ 30,000ಕ್ಕೂ ಹೆಚ್ಚು ಕೂಲಿಗಳನ್ನು ಕರೆತಂದರು. ನೈರೋಬಿ ಎಂಬ ಊರು ಹುಟ್ಟಿದ್ದೇ 1899ರಲ್ಲಿ, ಆ ರೈಲಿನ ಠಾಣೆಯಾಗಿ. ಭಾರತದವರ ಜೊತೆ ಚಪಾತಿ ಬಂತು, ಹೆಸರು ಕೂಡ ಬದಲಾಗದೆ ಸ್ವಾಹಿಲಿಗೆ ಸೇರಿತು. ದಿನವೂ ಮೆಕ್ಕೆಜೋಳದ ಉಗಾಲಿ ಉಣ್ಣುವ ಮನೆಯಲ್ಲಿ ಗೋದಿಯ ಚಪಾತಿ ಹಬ್ಬದ ಅಡುಗೆಯಾಯಿತು.

ನನಗೆ ಇದು ಪರಕೀಯವೆನಿಸಲೇ ಇಲ್ಲ. ಜೋಳದ ರೊಟ್ಟಿಯ ಸೀಮೆಯಲ್ಲಿ ನಮ್ಮಜ್ಜಿಯ ಕಾಲಕ್ಕೆ ಚಪಾತಿ ಎಂದರೆ ಹಬ್ಬಕ್ಕೆ, ಇಲ್ಲವೆ ಬೀಗರು ಬಂದರೆ. ಅದಕ್ಕೇ ಈಗ 24ರ ಸಂಜೆ ನಮ್ಮ ಮನೆಯ ಹಬ್ಬದೂಟ ಚಪಾತಿ, ಬೇಳೆ, ಒಂದು ಕೋಳಿ ಪಲ್ಯ, ಶೇಂಗಾ ಉಂಡಿ. ಹಿಟ್ಟು ನಾದುವುದು ಯಜಮಾನರು. ಲಟ್ಟಿಸುವುದು ಮಕ್ಕಳು. ಚಪಾತಿ ಯಾವ ಆಕಾರಕ್ಕೆ ಬಂದರೂ ಬೇಯಿಸುತ್ತೇನೆ.

ಊಟಕ್ಕೆ ಮುಂಚೆ ಓದು. ಈ ಓದಿಗಾಗಿಯೇ ಉಳಿದದ್ದನ್ನೆಲ್ಲ ಕಡಿಮೆ ಮಾಡಿಕೊಂಡದ್ದು. ನಾವು ಬಾಸೆಲ್ ಮಿಶನ್ನಿನ ಸಭೆಯಿಂದ ಬಂದವರು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಆ ಮಿಶನ್ ಕೆಲವೇ ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳನ್ನು ಮುಟ್ಟಿತು. ಸಂಜೆಯ ಮನೆಪ್ರಾರ್ಥನೆ ಆ ಸಭೆಗಳ ಬೆನ್ನೆಲುಬು. ದೀಪ ಹಚ್ಚಿ, ಒಂದು ಅಧ್ಯಾಯ ಓದಿ, ಒಂದು ಹಾಡು ಹೇಳಿ ಉಣ್ಣುವುದು. ಅದೇ ಮಿಶನ್ನಿನ ಕಿಟೆಲ್ ಹೆಸರು ಕೇಳದ ಕನ್ನಡಿಗರಿಲ್ಲ. 1894ರಲ್ಲಿ ನಿಘಂಟು ಕೊಡುವುದಕ್ಕೆ 30 ವರ್ಷ ಮುಂಚೆಯೇ ಅವರು ಕ್ರಿಸ್ತನ ಜೀವನವನ್ನು ಕನ್ನಡದ ಛಂದಸ್ಸಿನಲ್ಲಿ ‘ಕಥಾಮಾಲೆ’ ಎಂದು ಬರೆದಿದ್ದರು. ಕೆನ್ಯಾಕ್ಕೆ ಹೋದ ಮೇಲೆ ನನಗೆ ತಿಳಿದ ಸಂಗತಿ ಇದು: 1844ರಲ್ಲಿ ಮೊಂಬಾಸಾಕ್ಕೆ ಬಂದಿಳಿದು, ಅದೇ ವರ್ಷ ಹೆಂಡತಿಯನ್ನೂ ಹಸುಗೂಸನ್ನೂ ಅಲ್ಲಿಯ ಮಣ್ಣಿಗೆ ಕೊಟ್ಟು, ಆದರೂ ಕೂತು ಸ್ವಾಹಿಲಿ ಕಲಿತ ಯೋಹಾನ್ ಲುಡ್ವಿಗ್ ಕ್ರಾಪ್ಫ್ ಕೂಡ ಬಾಸೆಲ್ಲಿನಲ್ಲಿ ಓದಿದವರು. ಕಳಿಸಿದ್ದು ಇಂಗ್ಲೆಂಡಿನ ಚರ್ಚ್ ಮಿಶನರಿ ಸೊಸೈಟಿ, ಕಲಿತದ್ದು ಬಾಸೆಲ್. ಅವರ ಸ್ವಾಹಿಲಿ ನಿಘಂಟು ಅಚ್ಚಾದದ್ದು 1882ರಲ್ಲಿ, ಅವರು ತೀರಿಕೊಂಡ ಮರುವರ್ಷ. ಎರಡು ವರ್ಷ ತಡವಾಗಿ ಬಂದು ಅವರನ್ನು ಕೂಡಿಕೊಂಡ ರೆಬ್ಮನ್ ಕೂಡ ಬಾಸೆಲ್ಲಿನ ವಿದ್ಯಾರ್ಥಿ. ಲೂಕನ ಸುವಾರ್ತೆಯನ್ನು ಸ್ವಾಹಿಲಿಗೆ ತಂದವರಲ್ಲಿ ಅವರೊಬ್ಬರು. ಬೆಟಗೇರಿಯ ನನ್ನ ಅಜ್ಜಿಗೂ ಮೊಂಬಾಸಾದ ಯಾವುದೋ ಅಜ್ಜಿಗೂ ಒಂದೇ ಶಾಲೆಯವರು ಅಕ್ಷರ ಹಿಡಿದುಕೊಂಡು ಬಂದಿದ್ದರು ಎಂದು ತಿಳಿದಾಗ ಪರದೇಶದ ಒಂಟಿತನ ಅರ್ಧ ಇಳಿಯಿತು.

ನಮ್ಮ ಗೇಟಿನಲ್ಲಿ ರಾತ್ರಿ ಕಾಯುವವರನ್ನು ಅಲ್ಲಿ ಅಸ್ಕಾರಿ ಎನ್ನುತ್ತಾರೆ. ಎಲ್ಲರಿಗೂ ರಜೆ ಕೊಟ್ಟರೂ ಅಸ್ಕಾರಿಗಳಲ್ಲಿ ಒಬ್ಬರು ಉಳಿಯಲೇಬೇಕು. ಸರದಿಯ ಮೇಲೆ ಒಬ್ಬರು ಕ್ರಿಸ್‌ಮಸ್ಸಿಗೆ, ಒಬ್ಬರು ಹೊಸ ವರ್ಷಕ್ಕೆ ಊರಿಗೆ ಹೋಗುತ್ತಾರೆ. ಬಡಾವಣೆಯೆಲ್ಲ ಒಳಗೆ ಹಾಡು ಹಾಕಿಕೊಂಡು ಕೂತಾಗ ಕೋಟು ತೊಟ್ಟು ಗೇಟಿನ ಗೂಡಿನಲ್ಲಿ ಒಬ್ಬರೇ ಕೂತಿರುತ್ತಾರೆ. ಸುಮಾರು 1,800 ಮೀಟರ್ ಎತ್ತರದ ಊರು, ರಾತ್ರಿ ಚಳಿ. ಬದಲಾದ ಮೊದಲ ವರ್ಷ ನಾನು ಲೂಕನ ಅಧ್ಯಾಯ ತೆರೆದು ಓದುತ್ತಿದ್ದೆ. ರಾತ್ರಿ ಹೊಲದಲ್ಲಿ ಸರದಿಯ ಮೇಲೆ ಹಿಂಡು ಕಾಯುತ್ತಿದ್ದ ಕುರುಬರಿಗೆ ಸುದ್ದಿ ಬಂತು ಎನ್ನುವಲ್ಲಿಗೆ ಬಂದಾಗ ಮಗ ತಡೆದ: ‘ರಾತ್ರಿ ಕಾಯುವವರು ಅಂದರೆ ನಮ್ಮ ಅಸ್ಕಾರಿಯವರ ಹಾಗೆಯಾ?’

ಪುಸ್ತಕ ಮುಚ್ಚಿ, ಬತ್ತಿಗಳ ಬಳೆಯನ್ನೂ ಮಣ್ಣಿನ ಗ್ವಾದಲಿಯನ್ನೂ ಎತ್ತಿಕೊಂಡು ಗೇಟಿನ ಬಳಿ ಹೋದೆವು. ಅಂದಿನಿಂದ ನಮ್ಮ ಓದು ನಡೆಯುವುದು ಅಲ್ಲೇ. ಅಸ್ಕಾರಿಯವರ ಗೂಡಿನಲ್ಲಿ ಅಂಚು ಸವೆದ ಸ್ವಾಹಿಲಿ ಬೈಬಲ್ ಇತ್ತು, ನಮಗೇ ಗೊತ್ತಿರಲಿಲ್ಲ. ಮೊದಲ ಇಪ್ಪತ್ತು ವಚನಗಳನ್ನು ಅವರು ಸ್ವಾಹಿಲಿಯಲ್ಲಿ ಓದುತ್ತಾರೆ, ಮಗ ಕನ್ನಡದಲ್ಲಿ. ಅವರ ಓದಿನಲ್ಲಿ ಒಂದು ಪದ ಬಂತು, ಹೋರಿ. ಸ್ವಾಹಿಲಿಯಲ್ಲಿ ಹೋರಿ ಎಂದರೆ ದನ ಮೇಯುವ ತೊಟ್ಟಿ, ನಮ್ಮ ಗ್ವಾದಲಿ! ಕನ್ನಡದಲ್ಲಿ ಹೋರಿ ಎಂದರೆ ಏನೆಂದು ಮಕ್ಕಳು ಅವರಿಗೆ ಹೇಳಿದಾಗ ಅವರು ನಕ್ಕ ನಗು ಪಕ್ಕದ ಗೇಟಿನವರೆಗೂ ಕೇಳಿಸಿ ಅಲ್ಲಿಯ ಅಸ್ಕಾರಿಯೂ ಬಂದರು. ಮೂರನೆಯ ವರ್ಷ ಐದು ಗೇಟುಗಳಿಂದ ಬಂದರು. ಶುಂಠಿ ಹಾಕಿದ ಚಹಾ, ತಾಟಿನಲ್ಲಿ ಬಟ್ಟೆ ಮುಚ್ಚಿದ ಚಪಾತಿ, ಉಂಡಿ. ಅವರಲ್ಲಿ ಇಬ್ಬರು ಮಥಾರೆಯವರು. ಬೆಳಗಿನ ಪಾಳಿ ಮುಗಿಸಿ ಹೆದ್ದಾರಿ ದಾಟುವಾಗ ಮಕ್ಕಳಿಗೆಂದು ಉಂಡಿಯ ಪೊಟ್ಟಣ ಜೇಬಿಗೆ ಇಟ್ಟುಕೊಳ್ಳುತ್ತಾರೆ.

ಮಗಳಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಅಣ್ಣ ಗೇಟಿನಲ್ಲಿ ಓದುವುದನ್ನು ಎರಡು ವರ್ಷ ಕೇಳಿ, ತಾನೂ ಓದಬೇಕೆಂದು ಅವಳೇ ಹಟ ಹಿಡಿದಳು. ಜೂನ್ ತಿಂಗಳಿನಿಂದ ಅ ಆ ಇ ಈ ಹೇಳಿಸಿದೆ. ಕಳೆದ ವರ್ಷ ಅವಳು ನಾಲ್ಕು ವಚನ ಓದಿದಳು. ಒತ್ತಕ್ಷರ ಬಂದ ಕಡೆ ಬೆರಳಿಟ್ಟು ನಿಲ್ಲುತ್ತಿದ್ದಳು. ಒಂದು ಅಕ್ಷರವೂ ತಿಳಿಯದ ಆ ಐವರು ಗಂಡಸರು ಟೊಪ್ಪಿಗೆ ತೆಗೆದು ಹಿಡಿದುಕೊಂಡು ಅವಳು ಮುಗಿಸುವವರೆಗೆ ಕಾದರು.

25ರ ಬೆಳಿಗ್ಗೆ ಆಲ್ ಸೇಂಟ್ಸ್ ಕೆಥೀಡ್ರಲ್ಲಿಗೆ ಹೋಗುತ್ತೇವೆ. 1917ರಲ್ಲಿ ಅಡಿಗಲ್ಲು ಹಾಕಿದ ಕಲ್ಲಿನ ದೊಡ್ಡ ದೇವಾಲಯ ಅದು. ಹಿಂದಿನ ರಾತ್ರಿ ಹೊತ್ತಿಗೆ ಸರಿಯಾಗಿ ಮಲಗಿದ್ದರಿಂದ ಹಾಡುವಾಗ ಕೊರಳು ಏಳುತ್ತದೆ. ಮಧ್ಯಾಹ್ನ ಮನೆ ನಿಶ್ಶಬ್ದ. ಮಕ್ಕಳು ಕರೂರಾ ಕಾಡಿನಲ್ಲಿ ನಡೆದು ಬರುತ್ತಾರೆ. ನಾನು ಅವ್ವನಿಗೆ ಫೋನು ಮಾಡುತ್ತೇನೆ.

ಕೇಳುಗರೇ, ನೀವು ಯಾವ ಹಬ್ಬವನ್ನೇ ಆಚರಿಸಿ, ನಿಮ್ಮ ಹಬ್ಬದ ಪಾತ್ರೆ ತೊಳೆಯುವವರಿಗೂ ಒಂದು ಮನೆ ಇದೆ, ಅವರ ದಾರಿ ನೋಡುವ ಮಕ್ಕಳಿದ್ದಾರೆ. ಅವರಿಗೆ ಎಂದು ಹೊರಡಬೇಕು ಎಂದು ಈ ವಾರವೇ ಕೇಳಿ. ನಮ್ಮ ಮನೆಯ ತಾಯಿ ಈ ಸಲ 22ಕ್ಕೇ ಹೊರಡುತ್ತಾರೆ. ಬೆಳಗಿನ ಬಸ್ಸು, ಕಿಟಕಿಯ ಸೀಟು. ಟಿಕೆಟ್ಟು ನವೆಂಬರಿನಲ್ಲೇ ತೆಗೆದು ಅವರ ಕೈಗೆ ಕೊಟ್ಟಿದ್ದೇವೆ.